ಅಡುಗೆಮನೆಯಲ್ಲಿ ಪುಟ್ಟ ಮಕ್ಕಳೊಂದಿಗೆ ವಿಜ್ಞಾನ ಪ್ರಯೋಗ: ಎಲ್ಲಿ ಕೆಡುತ್ತದೆ, ಹೇಗೆ ಮಾಡಬೇಕು

ಅರಿಶಿನ ಕೆಂಪಾಗಲಿಲ್ಲ, ಬಲೂನು ಉಬ್ಬಲಿಲ್ಲ, ಮೊಟ್ಟೆ ಮೊದಲೇ ತೇಲಿಬಿಟ್ಟಿತು ಎಂಬ ದೂರುಗಳು ಮಕ್ಕಳೊಂದಿಗೆ ಮನೆಯಲ್ಲಿ ಪ್ರಯೋಗ ಮಾಡಲು ಹೊರಟ ತಂದೆತಾಯಿಯರಿಂದ ಮತ್ತೆ ಮತ್ತೆ ಕೇಳಿಬರುತ್ತವೆ. ವಿವರವಾಗಿ ವಿಚಾರಿಸಿದಾಗ ತಪ್ಪು ಸಾಮಾನ್ಯವಾಗಿ ಮೂರು ಕಡೆ ಸಿಗುತ್ತದೆ. ಹೆಸರಿನಲ್ಲಿ ಹೋಲುವ ಬೇರೆ ವಸ್ತುವನ್ನು ಬಳಸಿರುತ್ತಾರೆ, ಒಂದೇ ಚಮಚವನ್ನು ಎಲ್ಲ ಲೋಟಗಳಿಗೂ ಅದ್ದಿರುತ್ತಾರೆ, ಇಲ್ಲವೇ ಹೋಲಿಸಿ ನೋಡಲು ಏನನ್ನೂ ಬೆರೆಸದ ಲೋಟವೊಂದನ್ನು ಪಕ್ಕಕ್ಕೆ ಇಟ್ಟಿರುವುದಿಲ್ಲ. ನಾಲ್ಕರಿಂದ ಎಂಟು ವರ್ಷದ ಮಕ್ಕಳಿಗೆ ಹೊಂದುವ ಆರು ಪ್ರಯೋಗಗಳನ್ನು ಮಾಡಬೇಕಾದ ಕ್ರಮದಲ್ಲಿಯೇ ಇಲ್ಲಿ ವಿವರಿಸಲಾಗಿದೆ. ಆರನ್ನೂ ಒಂದೇ ದಿನ ಮಾಡಬಾರದು. ಒಂದು ಸಂಜೆಗೆ ಒಂದು, ಹೆಚ್ಚೆಂದರೆ ಎರಡು ಸಾಕು.

## ಹಂತ 1: ಮಗುವನ್ನು ಕರೆಯುವ ಮೊದಲು

ಬೇಕಾಗುವ ಸಾಮಾನು. ಒಂದೇ ಅಳತೆಯ ಪಾರದರ್ಶಕ ಪ್ಲಾಸ್ಟಿಕ್ ಲೋಟಗಳು ಆರು, ಟೀ ಚಮಚಗಳು ಆರು, ಒಂದು ಊಟದ ಚಮಚ, ಅಂಚಿರುವ ದೊಡ್ಡ ಬಿಳಿ ತಟ್ಟೆ, ಅರ್ಧ ಲೀಟರಿನ ಪ್ಲಾಸ್ಟಿಕ್ ನೀರಿನ ಬಾಟಲಿ ಎರಡು, ಬಲೂನುಗಳು, ದಪ್ಪ ಬಿಳಿ ಹಾಳೆ, ಅಂಟಿಸುವ ಚೀಟಿ, ಪೆನ್ಸಿಲು ಮತ್ತು ಹಳೆಯ ಹತ್ತಿ ಬಟ್ಟೆಯ ತುಂಡುಗಳು. ಗಾಜಿನ ಲೋಟಗಳನ್ನು ಬಳಸುವುದು ಬೇಡ, ಒದ್ದೆ ಕೈಯಿಂದ ಜಾರುತ್ತವೆ. ಅರಿಶಿನದ ಕಲೆ ಬಟ್ಟೆಯಿಂದ ಸುಲಭವಾಗಿ ಹೋಗದ ಕಾರಣ ಮಗುವಿಗೆ ಹಳೆಯ ಅಂಗಿಯನ್ನೇ ಹಾಕಿ.

ಮೊದಲು ಒಬ್ಬರೇ ಮಾಡಿ ನೋಡಿ. ಪ್ರತಿ ಪ್ರಯೋಗವನ್ನೂ ಹಿಂದಿನ ದಿನ ಸಣ್ಣ ಪ್ರಮಾಣದಲ್ಲಿ ಮಾಡಿ ನೋಡಿರಬೇಕು. ಮನೆಯಲ್ಲಿರುವ ಸೋಪು, ಸೋಡ, ಮೊಟ್ಟೆಗಳು ಹೇಗೆ ವರ್ತಿಸುತ್ತವೆ ಎಂಬುದು ಆಗಲೇ ತಿಳಿಯುತ್ತದೆ. ಪುಟ್ಟ ಮಗು ಎದುರು ಕಾಯುತ್ತಿರುವಾಗ ಡಬ್ಬಿಗಳನ್ನು ಹುಡುಕಲು ಹೊರಟರೆ ಅದರ ಗಮನ ಮರಳಿ ಬರುವುದಿಲ್ಲ.

ಪ್ರತಿ ಸಲವೂ ಪಾಲಿಸಬೇಕಾದ ಮೂರು ನಿಯಮಗಳು. ಒಂದು ಲೋಟಕ್ಕೆ ಒಂದೇ ಚಮಚ. ಒಂದು ಲೋಟ ಯಾವಾಗಲೂ ಹೋಲಿಕೆಗೆ ಮೀಸಲು. ಅದರಲ್ಲಿ ನಾವು ಪರೀಕ್ಷಿಸುವ ಒಂದು ಅಂಶ ಮಾತ್ರ ಇರುವುದಿಲ್ಲ, ಉಳಿದೆಲ್ಲವೂ ಒಂದೇ ಆಗಿರುತ್ತದೆ. ಬೆರೆಸುವ ಮುನ್ನ ಮಗು ತನ್ನ ಊಹೆಯನ್ನು ಬಾಯಿಬಿಟ್ಟು ಹೇಳಬೇಕು. ಬರೆಯಲು ಬಾರದಿದ್ದರೆ ಚಿತ್ರ ಬಿಡಿಸಬೇಕು. ಈ ಮೂರನೆಯದನ್ನು ಅವಸರದಲ್ಲಿ ಬಿಟ್ಟುಬಿಡುವವರೇ ಹೆಚ್ಚು. ಊಹಿಸದೆ ನೋಡಿದ ಮಗುವಿಗೆ ಅದೊಂದು ಬಣ್ಣದ ಆಟವಾಗುತ್ತದೆ. ಊಹಿಸಿ, ಊಹೆ ತಪ್ಪಾದದ್ದನ್ನು ಕಂಡ ಮಗು ಮಾತ್ರ ಏಕೆ ಎಂದು ಕೇಳುತ್ತದೆ. ಊಹೆ ತಪ್ಪಾದಾಗ ದೊಡ್ಡವರು ನಗಬಾರದು, ಸರಿಯಾದ ಉತ್ತರವನ್ನು ಮುಂಚಿತವಾಗಿ ಹೇಳಲೂಬಾರದು.

ಎಚ್ಚರಿಕೆ. ಪ್ರಯೋಗದ ಲೋಟದಲ್ಲಿರುವುದನ್ನು ರುಚಿ ನೋಡಬಾರದು ಎಂಬ ನಿಯಮವನ್ನು ಮೊದಲ ದಿನವೇ ಹೇಳಿ. ಒಳಗಿರುವುದು ಬರಿಯ ಸಕ್ಕರೆ ನೀರಾದರೂ ಸರಿಯೇ. ಒಲೆ, ಬಿಸಿ ನೀರು, ಚಾಕು ಮತ್ತು ಸುಣ್ಣ ದೊಡ್ಡವರ ಕೈಯಲ್ಲಿಯೇ ಇರಬೇಕು.

## ಹಂತ 2: ಅರಿಶಿನದ ಹಾಳೆ

ಹಾಳೆ ಒಣಗಲು ಸಮಯ ಬೇಕಾದ್ದರಿಂದ ಇದನ್ನು ಹಿಂದಿನ ಸಂಜೆಯೇ ಆರಂಭಿಸಬೇಕು.

1. ಒಂದು ಟೀ ಚಮಚ ಅರಿಶಿನ ಪುಡಿಗೆ ಎರಡು ಊಟದ ಚಮಚ ಉಗುರುಬೆಚ್ಚಗಿನ ನೀರು ಹಾಕಿ ಕಲಸಿ. ಅರಿಶಿನದ ಬಣ್ಣಕ್ಕೆ ಕಾರಣವಾದ ಕರ್ಕ್ಯುಮಿನ್ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ, ಹೀಗಾಗಿ ತೆಳು ನೀರಿಗಿಂತ ತುಸು ಗಟ್ಟಿಯಾದ ಮಿಶ್ರಣವೇ ಒಳ್ಳೆಯದು.

2. ಅದನ್ನು ಬಟ್ಟೆಯ ತುಂಡಿನಿಂದ ಹಾಳೆಯ ಮೇಲೆ ತೆಳುವಾಗಿ ಬಳಿದು ನೆರಳಿನಲ್ಲಿ ಒಣಗಿಸಿ. ಬಿಸಿಲಿಗಿಟ್ಟರೆ ಬಣ್ಣ ಮಾಸುತ್ತದೆ. ಒಣಗಿದ ಮೇಲೆ ಉಳಿದ ಪುಡಿಯನ್ನು ಕೊಡವಿ, ಎರಡು ಬೆರಳಿನಗಲದ ಪಟ್ಟಿಗಳಾಗಿ ಕತ್ತರಿಸಿ.

3. ಐದು ಲೋಟಗಳಲ್ಲಿ ಕ್ರಮವಾಗಿ ಬರಿ ನೀರು, ನಿಂಬೆರಸ, ಹುಣಸೆ ನೀರು, ಬಟ್ಟೆ ಸೋಪನ್ನು ಉಜ್ಜಿ ಕರಗಿಸಿದ ನೀರು ಮತ್ತು ಅಡುಗೆ ಸೋಡ ಬೆರೆಸಿದ ನೀರನ್ನು ಇಟ್ಟು, ಪ್ರತಿಯೊಂದಕ್ಕೂ ಚೀಟಿ ಅಂಟಿಸಿ. ಬರಿ ನೀರಿನದೇ ಹೋಲಿಕೆಯ ಲೋಟ.

4. ಪ್ರತಿ ದ್ರವದ ಒಂದು ಹನಿಯನ್ನು ಬೇರೆ ಬೇರೆ ಪಟ್ಟಿಯ ಮೇಲೆ ಮಗು ಹಾಕಲಿ. ಮೊದಲು ನೀರು, ಬಳಿಕ ಹುಳಿಗಳು, ಕೊನೆಗೆ ಸೋಡ ಮತ್ತು ಸೋಪು. ಈ ಕ್ರಮಕ್ಕೆ ಕಾರಣವಿದೆ: ಮೊದಲ ಮೂರು ಪಟ್ಟಿಗಳಲ್ಲಿ ಒದ್ದೆಯಾದ ಗುರುತಲ್ಲದೆ ಬೇರೇನೂ ಕಾಣದು, ಸೋಪಿನ ಹನಿ ಬಿದ್ದಾಗ ಮಾತ್ರ ಹಳದಿ ಕೆಂಗಂದಾಗುತ್ತದೆ. ಕೆಂಪನ್ನು ಮೊದಲೇ ತೋರಿಸಿದರೆ ಉಳಿದ ಲೋಟಗಳ ಬಗ್ಗೆ ಮಗುವಿಗೆ ಆಸಕ್ತಿ ಉಳಿಯುವುದಿಲ್ಲ.

5. ಕೆಂಪಾದ ಜಾಗದ ಮೇಲೆ ನಿಂಬೆರಸದ ಚಮಚದಿಂದ ಒಂದು ಹನಿ ಹಾಕಿ. ಹಳದಿ ಮರಳಿ ಬರುತ್ತದೆ. ಬದಲಾವಣೆಯನ್ನು ಹಿಂದಕ್ಕೂ ತಿರುಗಿಸಬಹುದು ಎಂಬುದನ್ನು ಮಗು ಕಣ್ಣಾರೆ ಕಾಣುವ ಈ ಹೆಜ್ಜೆಯನ್ನು ಖಂಡಿತ ಬಿಡಬೇಡಿ.

ಇದು ಕೆಡುವುದು ಎಲ್ಲಿ? ಬಟ್ಟೆ ಸೋಪಿನ ಬದಲು ಪಾತ್ರೆ ತೊಳೆಯುವ ದ್ರವವನ್ನು ಅಥವಾ ಶಾಂಪೂವನ್ನು ಬಳಸುವುದರಲ್ಲಿ. ಅರಿಶಿನವನ್ನು ಕೆಂಪಾಗಿಸುವುದು ಬಟ್ಟೆ ಸೋಪಿನಲ್ಲಿರುವ ಕ್ಷಾರ ಗುಣ, ಅಂದರೆ ಹುಳಿಗೆ (ಆಮ್ಲಕ್ಕೆ) ವಿರುದ್ಧವಾದ ಗುಣ. ಕೈಗೆ ಮೃದುವಾಗಿರಲೆಂದು ಇಂತಹ ದ್ರವಗಳಲ್ಲಿ ಅನೇಕವನ್ನು ಕ್ಷಾರವೂ ಅಲ್ಲದ, ಆಮ್ಲವೂ ಅಲ್ಲದ ಮಟ್ಟಕ್ಕೆ ಹತ್ತಿರವಾಗಿ ತಯಾರಿಸುತ್ತಾರೆ, ಆದ್ದರಿಂದ ಅರಿಶಿನ ಹಳದಿಯಾಗಿಯೇ ಉಳಿಯುತ್ತದೆ. ಎರಡನೆಯ ತೊಡಕು ಅಡುಗೆ ಸೋಡದ್ದು. ಅದು ದುರ್ಬಲ ಕ್ಷಾರ. ಅದರ ದ್ರಾವಣದ ಪಿಎಚ್, ಅಂದರೆ ಆಮ್ಲ ಅಥವಾ ಕ್ಷಾರದ ಮಟ್ಟವನ್ನು ತೋರಿಸುವ ಅಂಕಿ, ಸುಮಾರು 8.3 (ಎರಡೂ ಅಲ್ಲದ ಮಟ್ಟ 7). ಅರಿಶಿನದ ಬಣ್ಣ ಬದಲಾಗಲು ತೊಡಗುವುದೂ ಹೆಚ್ಚು ಕಡಿಮೆ ಅದೇ ಮಟ್ಟದಲ್ಲಿ. ಹಾಗಾಗಿ ಸೋಡದ ಹನಿ ಮಸುಕಾದ ಕಿತ್ತಳೆಯನ್ನಷ್ಟೇ ಕೊಡುತ್ತದೆ, ಕೆಲವೊಮ್ಮೆ ಅದೂ ಇಲ್ಲ. ಇದು ಸೋಲಲ್ಲ. ಎರಡು ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟು ಯಾವುದು ಹೆಚ್ಚು ಕೆಂಪು ಎಂದು ಕೇಳಿ.

ಇನ್ನೊಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಅರಿಶಿನವು ಕ್ಷಾರವನ್ನು ಮಾತ್ರ ತೋರಿಸುತ್ತದೆ. ನಿಂಬೆರಸಕ್ಕೂ ಬರಿ ನೀರಿಗೂ ಇರುವ ವ್ಯತ್ಯಾಸವನ್ನು ಅದು ಹೇಳಲಾರದು. ಮಗು "ಹಾಗಾದರೆ ನಿಂಬೆಯೂ ನೀರೂ ಒಂದೇನಾ?" ಎಂದು ಕೇಳಿದರೆ ಅದು ಸರಿಯಾದ ಪ್ರಶ್ನೆ, ಅದಕ್ಕೆ ಉತ್ತರ ಮುಂದಿನ ಹಂತದಲ್ಲಿದೆ.

ಸುಣ್ಣದ ಬಗ್ಗೆ. ಮನೆಯಲ್ಲಿ ಎಲೆಅಡಿಕೆಯ ಸುಣ್ಣವಿದ್ದರೆ ಬಣ್ಣ ಇನ್ನೂ ಗಾಢವಾಗಿ ಬರುತ್ತದೆ. ಮದುವೆ ಮನೆಯಲ್ಲಿ ಆರತಿಗೆ ಇಡುವ ಕೆಂಪು ನೀರು ಅರಿಶಿನ ಮತ್ತು ಸುಣ್ಣ ಬೆರೆತು ಆದದ್ದೇ. ಅದನ್ನು ನೋಡಿರುವ ಮಗುವಿಗೆ ನೆನಪಿಸಬಹುದು. ಆದರೆ ಸುಣ್ಣ ಪ್ರಬಲ ಕ್ಷಾರ, ಕಣ್ಣಿಗೆ ಬಿದ್ದರೆ ತೀವ್ರ ಹಾನಿ ಮಾಡುತ್ತದೆ. ದೊಡ್ಡವರು ಕಡಲೆ ಕಾಳಿನಷ್ಟು ಸುಣ್ಣವನ್ನು ಅರ್ಧ ಲೋಟ ನೀರಿನಲ್ಲಿ ಕದಡಿ, ತಳಕ್ಕೆ ಇಳಿದ ಮೇಲೆ ಮೇಲಿನ ತಿಳಿಯನ್ನು ಮಾತ್ರ ತೆಗೆದುಕೊಂಡು ತಾವೇ ಹನಿ ಹಾಕಬೇಕು. ಆಕಸ್ಮಿಕವಾಗಿ ಕಣ್ಣಿಗೆ ಸಿಡಿದರೆ ಉಜ್ಜದೆ, ಹರಿಯುವ ಶುದ್ಧ ನೀರಿನಲ್ಲಿ ಕನಿಷ್ಠ 15ರಿಂದ 20 ನಿಮಿಷ ತೊಳೆದು ತಕ್ಷಣ ವೈದ್ಯರ ಬಳಿಗೆ ಕರೆದೊಯ್ಯಬೇಕು. ಮನೆಯಲ್ಲಿ ಮಗು ನಾಲ್ಕು ವರ್ಷಕ್ಕಿಂತ ಚಿಕ್ಕದಾಗಿದ್ದರೆ ಸುಣ್ಣವನ್ನು ಹೊರತೆಗೆಯುವುದೇ ಬೇಡ.

## ಹಂತ 3: ದಾಸವಾಳದ ನೀರು

ಐದಾರು ಕೆಂಪು ದಾಸವಾಳದ ಎಸಳುಗಳನ್ನು ಬಿಡಿಸಿ, ಅರ್ಧ ಲೋಟ ಬಿಸಿ ನೀರಿನಲ್ಲಿ ಹತ್ತು ನಿಮಿಷ ನೆನೆಸಿ ಸೋಸಿ. ಕುದಿಸುವ ಅಗತ್ಯವಿಲ್ಲ. ಹಳದಿ ಅಥವಾ ಬಿಳಿ ಜಾತಿಯ ಹೂವುಗಳಿಂದ ಈ ಪ್ರಯೋಗ ಆಗದು, ಬಾಡಿದ ಹೂವಿನಿಂದ ಬಣ್ಣ ಸರಿಯಾಗಿ ಇಳಿಯದು. ಶಂಖಪುಷ್ಪದ ನೀಲಿ ಹೂ ಸಿಕ್ಕರೆ ಅದೂ ಆಗುತ್ತದೆ.

ತಣಿದ ನೀರನ್ನು ಮೂರು ಲೋಟಗಳಿಗೆ ಸಮನಾಗಿ ಹಂಚಿ. ಒಂದಕ್ಕೆ ಏನೂ ಹಾಕಬೇಡಿ. ಎರಡನೆಯದಕ್ಕೆ ನಿಂಬೆರಸ ಹಿಂಡಿದರೆ ಗಾಢ ಗುಲಾಬಿ ಬಣ್ಣ ಬರುತ್ತದೆ; ಮೂರನೆಯದಕ್ಕೆ ಸೋಪಿನ ನೀರು ಹಾಕಿದರೆ ಹಸಿರಿನತ್ತ ತಿರುಗುತ್ತದೆ. ಅರಿಶಿನ ಹೇಳಲಾರದ್ದನ್ನು ದಾಸವಾಳ ಹೇಳಿತು ಎಂಬುದನ್ನು ಮಗುವಿಗೆ ಎರಡೂ ಪ್ರಯೋಗಗಳ ಪಟ್ಟಿ ಮತ್ತು ಲೋಟಗಳನ್ನು ಒಟ್ಟಿಗೆ ಇಟ್ಟು ತೋರಿಸಿ. ಸೋಸಿದ ನೀರು ಮರುದಿನಕ್ಕೆ ಬಣ್ಣಗೆಡುವುದರಿಂದ ಮಾಡಿದ ಹೊತ್ತಿನಲ್ಲಿಯೇ ಬಳಸಿ.

## ಹಂತ 4: ಬಾಟಲಿ ಮತ್ತು ಬಲೂನು

ಸೋಡದ ಮೇಲೆ ಹುಳಿ ಸುರಿದು ಜ್ವಾಲಾಮುಖಿ ಎಂದು ತೋರಿಸುವ ಪ್ರಯೋಗ ಎಲ್ಲೆಡೆ ಪ್ರಸಿದ್ಧವಾಗಿದೆ. ನನ್ನ ದೃಷ್ಟಿಯಲ್ಲಿ ಅದರಿಂದ ಮಗುವಿಗೆ ದಕ್ಕುವುದು ಕಡಿಮೆ, ಏಕೆಂದರೆ ನೊರೆ ಉಕ್ಕಿದೊಡನೆ ಅನಿಲ ಗಾಳಿಯಲ್ಲಿ ಸೇರಿಹೋಗುತ್ತದೆ, ಅಲ್ಲಿ ಹೊಸದೊಂದು ಹುಟ್ಟಿತು ಎಂಬುದಕ್ಕೆ ಸಾಕ್ಷಿ ಉಳಿಯುವುದಿಲ್ಲ. ಬಲೂನು ಆ ಅನಿಲವನ್ನು ಹಿಡಿದಿಟ್ಟು ತೋರಿಸುತ್ತದೆ.

ಮೊದಲು ಸೋಡವನ್ನು ಪರೀಕ್ಷಿಸಿ. ಬೇಕಾದದ್ದು ಅಡುಗೆ ಸೋಡ. ಬೇಕಿಂಗ್ ಪೌಡರಿನಲ್ಲಿ ಸೋಡದ ಜೊತೆಗೆ ಒಣ ಆಮ್ಲವೂ ಹಿಟ್ಟೂ ಮೊದಲೇ ಬೆರೆತಿರುತ್ತವೆ. ಬಟ್ಟೆ ಒಗೆಯಲು ಬಳಸುವ ವಾಷಿಂಗ್ ಸೋಡ ಸಂಪೂರ್ಣ ಬೇರೆ ವಸ್ತು, ಚರ್ಮವನ್ನೂ ಕಣ್ಣನ್ನೂ ಕೆರಳಿಸುತ್ತದೆ. ಅದು ಈ ಮೇಜಿನ ಮೇಲೆ ಬರಲೇಬಾರದು. ಡಬ್ಬಿಯ ಚೀಟಿ ಹರಿದುಹೋಗಿದ್ದರೆ, ಒಂದು ಚಿಟಿಕೆಯನ್ನು ತಣ್ಣೀರಿಗೆ ಹಾಕಿ ನೋಡಿ. ತಣ್ಣೀರಿನಲ್ಲಿಯೇ ನೊರೆ ಬಂದರೆ ಅದು ಬೇಕಿಂಗ್ ಪೌಡರ್. ಏನೂ ಆಗದಿದ್ದರೂ ಅದು ಅಡುಗೆ ಸೋಡವೇ ಎಂದು ಖಚಿತವಾಗುವುದಿಲ್ಲ, ವಾಷಿಂಗ್ ಸೋಡವೂ ಹಾಗೆಯೇ ಸುಮ್ಮನಿರುತ್ತದೆ. ಅನುಮಾನ ಉಳಿದರೆ ಹೊಸ ಪೊಟ್ಟಣ ತರುವುದೇ ಸರಿ.

ಅಳತೆಯೇ ಇಲ್ಲಿ ಮುಖ್ಯ. ಬಲೂನು ಉಬ್ಬದಿದ್ದಾಗ ಎಲ್ಲರೂ ಇನ್ನಷ್ಟು ಸೋಡ ಸುರಿಯುತ್ತಾರೆ, ಆದರೆ ಕೊರತೆ ಇರುವುದು ನಿಂಬೆಯದು. ನಮ್ಮ ಮಾರುಕಟ್ಟೆಯ ಸಾಧಾರಣ ನಿಂಬೆಹಣ್ಣಿನಲ್ಲಿ ಸುಮಾರು ಒಂದು ಊಟದ ಚಮಚದಷ್ಟು, ಅಂದರೆ 15 ಮಿಲಿಲೀಟರಿನ ಆಸುಪಾಸಿನಲ್ಲಿ ರಸವಿರುತ್ತದೆ. ಅದರಲ್ಲಿರುವ ಸಿಟ್ರಿಕ್ ಆಮ್ಲ ಒಂದು ಗ್ರಾಮಿಗೂ ತುಸು ಕಡಿಮೆ. ಅಷ್ಟು ಆಮ್ಲಕ್ಕೆ ಕಾಲು ಟೀ ಚಮಚ ಸೋಡ ಸಾಕು, ಹುಟ್ಟುವ ಇಂಗಾಲದ ಡೈಆಕ್ಸೈಡ್ ಅನಿಲ ಒಂದು ಲೀಟರಿನ ಸುಮಾರು ಮೂರನೆಯ ಒಂದು ಭಾಗ. ಒಂದು ಮಟ್ಟಸ ಟೀ ಚಮಚ ಸೋಡ ಪೂರ್ತಿಯಾಗಿ ಬಳಕೆಯಾಗಬೇಕಾದರೆ ನಾಲ್ಕು ನಿಂಬೆಹಣ್ಣು ಬೇಕು. ಅಷ್ಟು ನಿಂಬೆ ದುಬಾರಿಯಾದ ದಿನಗಳಲ್ಲಿ ಕಾಲು ಲೋಟ ಅಡುಗೆಯ ವಿನೆಗರ್ ಬಳಸಬಹುದು.

1. ಬಲೂನನ್ನು ದೊಡ್ಡವರು ಎರಡು ಮೂರು ಸಲ ಊದಿ ಗಾಳಿ ಬಿಟ್ಟು ಸಡಿಲಿಸಬೇಕು. ಹೊಸ ಬಲೂನಿನ ಬಿಗಿಯೇ ಎಷ್ಟೋ ಸಲ ಪ್ರಯೋಗವನ್ನು ಕೆಡಿಸುತ್ತದೆ. ಊದಿದ ಬಳಿಕ ಒಳಭಾಗ ಒಣಗುವವರೆಗೆ ಬಿಡಿ.

2. ಮೊದಲ ಬಾಟಲಿಗೆ ನಾಲ್ಕು ನಿಂಬೆಹಣ್ಣಿನ ರಸವನ್ನು ಸೋಸಿ ಹಾಕಿ, ಎರಡನೆಯದಕ್ಕೆ ಅಷ್ಟೇ ಪ್ರಮಾಣದ ನೀರು ಹಾಕಿ. ಎರಡರ ಕುತ್ತಿಗೆಯನ್ನೂ ಒಳಗೂ ಹೊರಗೂ ಒರೆಸಿ ಒಣಗಿಸಿ.

3. ಹಾಳೆಯನ್ನು ಕೊಳವೆಯಂತೆ ಸುತ್ತಿ, ಎರಡು ಬಲೂನುಗಳಿಗೂ ಒಂದೊಂದು ಮಟ್ಟಸ ಟೀ ಚಮಚ ಸೋಡ ಇಳಿಸಿ.

4. ಬಲೂನು ಪಕ್ಕಕ್ಕೆ ಜೋತುಬಿದ್ದಿರುವಂತೆಯೇ ಅದರ ಬಾಯನ್ನು ಬಾಟಲಿಗೆ ಏರಿಸಿ. ಸೋಡ ಇನ್ನೂ ಕೆಳಗೆ ಬೀಳಬಾರದು. ಎರಡರಲ್ಲಿ ಯಾವುದು ಉಬ್ಬುತ್ತದೆ ಎಂದು ಈಗ ಕೇಳಿ.

5. ದೊಡ್ಡವರು ಬಾಟಲಿಯ ಕುತ್ತಿಗೆಯನ್ನು ಬಲೂನಿನ ಸಮೇತ ಬಿಗಿಯಾಗಿ ಹಿಡಿಯಲಿ, ಮಗು ಬಲೂನನ್ನು ಎತ್ತಿ ಸೋಡವನ್ನು ಒಳಗೆ ಬೀಳಿಸಲಿ. ನಿಂಬೆಯ ಬಾಟಲಿಯ ಬಲೂನು ಸುಲಿದ ತೆಂಗಿನಕಾಯಿಯ ಗಾತ್ರಕ್ಕೆ ಬರುತ್ತದೆ, ನೀರಿನದು ಜೋತುಬಿದ್ದೇ ಇರುತ್ತದೆ.

6. ಕೂಡಲೇ ಬಾಟಲಿಯ ತಳವನ್ನು ಮುಟ್ಟಿ ನೋಡಲು ಮಗುವಿಗೆ ಹೇಳಿ. ಈ ಕ್ರಿಯೆ ಶಾಖವನ್ನು ಹೀರಿಕೊಳ್ಳುವುದರಿಂದ ತಳ ತಣ್ಣಗಾಗಿರುತ್ತದೆ.

ಎಚ್ಚರಿಕೆ. ಬಾಟಲಿಗೆ ಮುಚ್ಚಳ ಹಾಕಿ ತಿರುಗಿಸುವ ಕೆಲಸವನ್ನು ಯಾವ ಕಾರಣಕ್ಕೂ ಮಾಡಬಾರದು. ಒಳಗಿನ ಒತ್ತಡದಿಂದ ಬಾಟಲಿ ಸಿಡಿಯಬಹುದು. ಗಾಜಿನ ಬಾಟಲಿಯಂತೂ ಬೇಡವೇ ಬೇಡ. ಬಲೂನಿನ ಚೂರುಗಳು ಚಿಕ್ಕ ಮಕ್ಕಳ ಗಂಟಲಿನಲ್ಲಿ ಸಿಕ್ಕಿ ಉಸಿರುಕಟ್ಟಿಸುವ ಅಪಾಯವಿರುವುದರಿಂದ, ಪ್ರಯೋಗ ಮುಗಿದ ತಕ್ಷಣ ಅವನ್ನು ದೊಡ್ಡವರೇ ಎಣಿಸಿ ತೆಗೆದುಬಿಡಬೇಕು. ಆಡಲು ಬಿಡಬಾರದು.

## ಹಂತ 5: ಉಪ್ಪುನೀರಿನಲ್ಲಿ ತೇಲುವ ಮೊಟ್ಟೆ

ಮೊದಲು ಮೊಟ್ಟೆ ತಾಜಾ ಆಗಿದೆಯೇ ಎಂದು ನೋಡಬೇಕು. ಮೊಟ್ಟೆ ಹಳತಾದಂತೆ ಒಳಗಿನ ನೀರು ಚಿಪ್ಪಿನ ಸೂಕ್ಷ್ಮ ರಂಧ್ರಗಳಿಂದ ಆವಿಯಾಗಿ, ಗಾಳಿಯ ಕೋಶ ದೊಡ್ಡದಾಗುತ್ತದೆ. ಅಂತಹ ಮೊಟ್ಟೆ ಬರಿ ನೀರಿನಲ್ಲಿಯೂ ತೇಲುತ್ತದೆ, ಆಗ ಪ್ರಯೋಗಕ್ಕೆ ಅರ್ಥವೇ ಉಳಿಯುವುದಿಲ್ಲ. ನೀರಿನ ತಳದಲ್ಲಿ ಅಡ್ಡವಾಗಿ ಮಲಗುವ ಮೊಟ್ಟೆಯನ್ನೇ ಆರಿಸಿ. ಮನೆಯಲ್ಲಿ ಮೊಟ್ಟೆ ತರದವರು ಸಣ್ಣ ಆಲೂಗೆಡ್ಡೆಯಿಂದ ಇದನ್ನೇ ಮಾಡಬಹುದು.

ಎರಡು ಲೋಟಗಳಲ್ಲಿ 250 ಮಿಲಿಲೀಟರಿನಂತೆ ನೀರು ತೆಗೆದುಕೊಳ್ಳಿ. ಒಂದು ಹೋಲಿಕೆಗೆ. ಇನ್ನೊಂದಕ್ಕೆ ಊಟದ ಚಮಚದಲ್ಲಿ ಪುಡಿ ಉಪ್ಪನ್ನು ಒಂದೊಂದಾಗಿ ಹಾಕಿ, ಪ್ರತಿ ಸಲವೂ ಪೂರ್ತಿ ಕರಗಿದ ಮೇಲೆಯೇ ಮೊಟ್ಟೆಯನ್ನು ಚಮಚದಿಂದ ಇಳಿಸಿ ನೋಡಿ. ಸಾಮಾನ್ಯವಾಗಿ ಎರಡು ಮೂರು ಚಮಚಗಳಲ್ಲಿ ಮೊಟ್ಟೆ ಮೇಲೇಳುತ್ತದೆ. ಒಂದು ಚಿಟಿಕೆ ಉಪ್ಪು ಹಾಕಿ ಕೈಬಿಡುವುದು ಇಲ್ಲಿನ ದೊಡ್ಡ ತಪ್ಪು. ಕಲ್ಲುಪ್ಪು ಕರಗುವ ಮುನ್ನವೇ ನೋಡುವುದು ಎರಡನೆಯದು. ತಳದಲ್ಲಿ ಉಪ್ಪು ಕಾಣುತ್ತಿರುವವರೆಗೆ ಕಲಕುತ್ತಿರಬೇಕು.

ಮೊಟ್ಟೆ ತೇಲಿದ ಮೇಲೆ ನೀರಿನ ಅರ್ಧ ಭಾಗವನ್ನು ತೆಗೆದು, ಲೋಟವನ್ನು ಓರೆಯಾಗಿ ಹಿಡಿದು, ಚಮಚದ ಬೆನ್ನಿನ ಮೇಲೆ ಉಪ್ಪು ಹಾಕದ ನೀರನ್ನು ಬಹಳ ನಿಧಾನವಾಗಿ ಹರಿಸಿ. ಎರಡು ನೀರು ಬೆರೆಯದೆ ಪದರಗಳಾಗಿ ನಿಂತರೆ ಮೊಟ್ಟೆ ಲೋಟದ ನಡುಮಧ್ಯದಲ್ಲಿ ನಿಲ್ಲುತ್ತದೆ. ಹಸಿ ಮೊಟ್ಟೆಯ ಚಿಪ್ಪಿನ ಮೇಲೆ ರೋಗಕಾರಕ ಬ್ಯಾಕ್ಟೀರಿಯಾ ಇರಬಹುದಾದ್ದರಿಂದ ಎಲ್ಲರೂ ಸೋಪು ಹಾಕಿ ಕೈ ತೊಳೆಯಬೇಕು.

## ಹಂತ 6: ಕರಿಮೆಣಸಿನ ಪುಡಿ ಮತ್ತು ಸೋಪು

ತಟ್ಟೆಯಲ್ಲಿ ಒಂದು ಬೆರಳಿನಗಲ ನೀರು ಹಾಕಿ, ಮೇಲೆ ಮೆಣಸಿನ ಪುಡಿ ಉದುರಿಸಿ. ಮಗು ಮೊದಲು ಒಣ ಬೆರಳಿನಿಂದ ನೀರನ್ನು ಮುಟ್ಟಲಿ, ಬಳಿಕ ಪಾತ್ರೆ ತೊಳೆಯುವ ದ್ರವ ಹಚ್ಚಿದ ಬೆರಳಿನಿಂದ. ಅರಿಶಿನಕ್ಕೆ ಒದಗದ ಆ ದ್ರವ ಇಲ್ಲಿ ಚೆನ್ನಾಗಿ ಒದಗುತ್ತದೆ. ಸೋಪು ಆ ಜಾಗದಲ್ಲಿ ನೀರಿನ ಮೇಲ್ಪದರವನ್ನು ಬಿಗಿಯಾಗಿ ಹಿಡಿದಿಡುವ ಮೇಲ್ಮೈ ಎಳೆತವನ್ನು ತಗ್ಗಿಸುವುದರಿಂದ ಪುಡಿ ಒಮ್ಮೆಲೇ ಅಂಚಿಗೆ ಓಡುತ್ತದೆ.

ಎರಡನೆಯ ಸಲ ಏನೂ ಆಗಲಿಲ್ಲ ಎಂದು ಹೇಳುವವರು ಬಹಳ. ಅದೇ ನೀರಿನಲ್ಲಿ ಸೋಪು ಉಳಿದಿರುವಾಗ ಮತ್ತೆ ಆಗುವುದು ಸಾಧ್ಯವೇ ಇಲ್ಲ. ತಟ್ಟೆಯನ್ನು ಚೆನ್ನಾಗಿ ತೊಳೆದು, ಜಿಡ್ಡಿಲ್ಲದಂತೆ ಒರೆಸಿ, ಹೊಸ ನೀರು ಹಾಕಬೇಕು. ಪುಡಿ ಹತ್ತಿದ ಬೆರಳನ್ನು ಕಣ್ಣಿಗೆ ತಾಗಿಸದಂತೆ ನೋಡಿಕೊಳ್ಳಿ.

## ಹಂತ 7: ನಾಲ್ಕು ಬಟ್ಟಲುಗಳಲ್ಲಿ ಮೊಸರು

ಉಳಿದವುಗಳಲ್ಲಿ ಫಲ ಕ್ಷಣದಲ್ಲಿ ಕಾಣುತ್ತದೆ, ಇದರಲ್ಲಿ ರಾತ್ರಿಯಿಡೀ ಕಾಯಬೇಕು. ಆ ಕಾರಣಕ್ಕೆ ಇದು ಕೊನೆಯಲ್ಲಿ ಬರುತ್ತದೆ. ಕಾಯುವ ಅಭ್ಯಾಸವಾದ ಮಗುವಿಗೆ ಇದಕ್ಕಿಂತ ಒಳ್ಳೆಯ ಪ್ರಯೋಗ ಅಡುಗೆಮನೆಯಲ್ಲಿ ಇನ್ನೊಂದಿಲ್ಲ ಎಂಬುದು ನನ್ನ ದೃಢ ಅಭಿಪ್ರಾಯ.

1. ಅರ್ಧ ಲೀಟರ್ ಹಾಲನ್ನು ದೊಡ್ಡವರು ಕಾಯಿಸಬೇಕು. ಒಲೆಯಿಂದ ಇಳಿಸಿದ ಕೂಡಲೇ ಒಂದು ಸ್ಟೀಲ್ ಬಟ್ಟಲಿಗೆ 100 ಮಿಲಿಲೀಟರಿನಷ್ಟು ಹೊಗೆಯಾಡುವ ಹಾಲು ಹಾಕಿ, ಅರ್ಧ ಟೀ ಚಮಚ ಹೆಪ್ಪು ಬೆರೆಸಿ. ಇದು ಬಿಸಿಯ ಬಟ್ಟಲು, ಮಗುವಿನ ಕೈಗೆ ಸಿಗದಂತೆ ಇಡಿ.

2. ಉಳಿದ ಹಾಲು ಉಗುರುಬೆಚ್ಚಗಾಗುವವರೆಗೆ, ಅಂದರೆ ಸುಮಾರು 40 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುವವರೆಗೆ ಕಾಯಿರಿ. ತೊಳೆದ ಬೆರಳನ್ನು ಅದ್ದಿ ಹತ್ತು ಎಣಿಸಿದರೂ ಸುಡಬಾರದು, ಆದರೆ ಬೆಚ್ಚಗೆ ತಿಳಿಯಬೇಕು.

3. ಆ ಹಾಲನ್ನು ಮೂರು ಬಟ್ಟಲುಗಳಿಗೆ ಸಮನಾಗಿ ಹಾಕಿ. ಎರಡಕ್ಕೆ ಅರ್ಧ ಟೀ ಚಮಚ ಹೆಪ್ಪು, ಒಂದಕ್ಕೆ ಹೆಪ್ಪಿಲ್ಲ. ಹೆಪ್ಪಿಲ್ಲದ ಹಾಲನ್ನೂ ಶುದ್ಧವಾದ ಬೇರೆ ಚಮಚದಿಂದ ಅಷ್ಟೇ ಸಲ ಕಲಕಬೇಕು.

4. ಹೆಪ್ಪು ಹಾಕಿದ ಒಂದು ಬಟ್ಟಲನ್ನು ಫ್ರಿಜ್ಜಿನಲ್ಲಿಡಿ. ಉಳಿದ ಮೂರನ್ನು ಮುಚ್ಚಿ ಒಂದೇ ಕಪಾಟಿನಲ್ಲಿ ಅಲುಗಾಡದಂತೆ ಇಡಿ. ಪ್ರತಿಯೊಂದಕ್ಕೂ ಮಗುವಿನ ಊಹೆಯ ಚಿತ್ರವನ್ನು ಅಂಟಿಸಿ.

5. ಬೆಳಗ್ಗೆ ಚಮಚ ಹಾಕುವ ಮೊದಲು ಪ್ರತಿ ಬಟ್ಟಲನ್ನೂ ಮೆಲ್ಲಗೆ ಓರೆ ಮಾಡಿ ನೋಡಬೇಕು. ಕಲಕಿದರೆ ಗಟ್ಟಿಯಾಗಿತ್ತೋ ಇಲ್ಲವೋ ಎಂಬ ಪುರಾವೆಯೇ ಹೋಗುತ್ತದೆ.

ಉಗುರುಬೆಚ್ಚಗಿನ ಬಟ್ಟಲಿನಲ್ಲಿ ಮಾತ್ರ ಮೊಸರು ಚೆನ್ನಾಗಿ ಹೆಪ್ಪುಗಟ್ಟಿರುತ್ತದೆ. ಹೆಪ್ಪಿನಲ್ಲಿರುವ ಜೀವಿಗಳು ಹಾಲಿನ ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲವಾಗಿ ಮಾಡುತ್ತವೆ, ಆ ಹುಳಿಯಿಂದ ಹಾಲು ಗಟ್ಟಿಯಾಗುತ್ತದೆ. ಸುಡುವ ಹಾಲಿನಲ್ಲಿ ಅವು ಸತ್ತಿರುತ್ತವೆ, ಫ್ರಿಜ್ಜಿನಲ್ಲಿ ಅವುಗಳ ಕೆಲಸ ಬಹಳ ನಿಧಾನವಾಗಿರುತ್ತದೆ, ಹೆಪ್ಪಿಲ್ಲದ ಬಟ್ಟಲಿಗೆ ಅವನ್ನು ನಾವು ಹಾಕಿಯೇ ಇಲ್ಲ. ಫ್ರಿಜ್ಜಿನ ಬಟ್ಟಲನ್ನು ಈಗ ಹೊರಗೆ ಬೆಚ್ಚಗಿನ ಜಾಗದಲ್ಲಿಟ್ಟು ಸಂಜೆ ನೋಡಿ. ಅದು ಸಂಜೆಗೆ ಗಟ್ಟಿಯಾದರೆ, ತಣ್ಣಗಿದ್ದಾಗ ಅವು ಸತ್ತಿರಲಿಲ್ಲ ಎಂಬುದು ಮಗುವಿಗೆ ತಾನಾಗಿಯೇ ತಿಳಿಯುತ್ತದೆ.

ಮಂಗಳೂರಿನ ಸೆಖೆಯಲ್ಲಿ ಐದಾರು ಗಂಟೆಗಳಲ್ಲಿ ಆಗುವ ಮೊಸರು, ಬೆಂಗಳೂರಿನ ಡಿಸೆಂಬರಿನಲ್ಲಿ ಹತ್ತು ಗಂಟೆಯನ್ನೂ ತೆಗೆದುಕೊಳ್ಳಬಹುದು. ಚಳಿ ದೇಶಗಳಲ್ಲಿರುವವರು ಕಪಾಟಿನ ಬದಲು, ಬಿಸಿ ಮಾಡದೆ ಒಳದೀಪವನ್ನಷ್ಟೇ ಹಚ್ಚಿದ ಓವನ್ನಿನಲ್ಲಿ ಇಡುವುದು ಒಳ್ಳೆಯದು. ಯಾವ ಬಟ್ಟಲೂ ಗಟ್ಟಿಯಾಗದಿದ್ದರೆ ಹೆಪ್ಪನ್ನೇ ಅನುಮಾನಿಸಬೇಕು. ಅಂಗಡಿಯ ಕೆಲವು ಮೊಸರುಗಳನ್ನು ತಯಾರಾದ ಮೇಲೆ ಮತ್ತೆ ಬಿಸಿ ಮಾಡಿರುತ್ತಾರೆ, ಅವುಗಳಲ್ಲಿ ಜೀವಂತ ಹೆಪ್ಪು ಇರುವುದಿಲ್ಲ.

ಚೆನ್ನಾಗಿ ಹೆಪ್ಪುಗಟ್ಟಿದ ಬಟ್ಟಲಿನ ಮೊಸರನ್ನು ಊಟಕ್ಕೆ ಬಳಸಬಹುದು. ರುಚಿ ನೋಡಬಾರದೆಂಬ ನಿಯಮಕ್ಕೆ ಇದೊಂದೇ ವಿನಾಯಿತಿ, ಅದಕ್ಕೂ ದೊಡ್ಡವರ ಅನುಮತಿ ಬೇಕು. ರಾತ್ರಿಯಿಡೀ ಹೊರಗಿದ್ದು ಮೊಸರಾಗದ ಎರಡು ಬಟ್ಟಲುಗಳ ಹಾಲು ವಾಸನೆಯಿಲ್ಲದಿದ್ದರೂ ಕುಡಿಯಲು ಯೋಗ್ಯವಲ್ಲ. ಅದನ್ನು ಚೆಲ್ಲಿ, ಬಟ್ಟಲುಗಳನ್ನು ಬಿಸಿನೀರಿನಲ್ಲಿ ತೊಳೆದಿಡಿ.